ಅಡ್ಡಿ ಇಲ್ಲ ಎಂಬ ರೆಸ್ಯೂಮು

ಕನ್ನಡಕದ ಡಬ್ಬಿಯಲ್ಲಿ ಕನ್ನಡಕ ಒರೆಸುವ ಬಟ್ಟೆ ಇರಬೇಕೆಂಬುದು ಲೋಕರೂಢಿ. ನನ್ನ ಡಬ್ಬಿಯಲ್ಲಿ ಒಂದು ವಿಸಿಟಿಂಗ್ ಕಾರ್ಡು ಇದೆ. ಕನ್ನಡಕವನ್ನು ನಾನು ಮೊದಲಿನಿಂದಲೂ ಸೆರಗಿನಲ್ಲೇ ಒರೆಸಿಕೊಳ್ಳುವವಳು, ಆದ್ದರಿಂದ ಯಾರಿಗೂ ತೊಂದರೆಯಾಗಿಲ್ಲ. ಕಾರ್ಡಿನ ಮೇಲೆ ದಪ್ಪ ಅಕ್ಷರಗಳಲ್ಲಿ ‘ವೃತ್ತಿಪರ ರೆಸ್ಯೂಮ್ ಲೇಖಕರು’ ಎಂದೂ ಅದರ ಕೆಳಗೆ ‘ಜಗತ್ತು ನಿಮ್ಮನ್ನು ಗುರುತಿಸದಂತೆ ಬರೆದುಕೊಡುತ್ತೇವೆ’ ಎಂದೂ ಇದೆ. ‘ಗುರುತಿಸುವಂತೆ’ ಎಂದಿರಬೇಕಿತ್ತು. ಅದನ್ನು ತಿದ್ದಿದವಳು ನಾನೇ. ತಿದ್ದಿದ ಕಾರ್ಡುಗಳು ಗದಗ-ಬೆಟಗೇರಿಯ ತುಂಬ ಹಂಚಿಹೋದವು. ತಪ್ಪಿದ್ದ ಕರಡು ಪ್ರತಿ ನನ್ನ ಡಬ್ಬಿ ಸೇರಿತು. ಚೆಂದದ ತಪ್ಪುಗಳನ್ನು ಕೂಡಿಡುವುದು ನನ್ನ ಚಟ. ಕೆಲವರು ಅಂಚೆಚೀಟಿ ಕೂಡಿಡುವುದಿಲ್ಲವೇ, ಹಾಗೆ.

ನಾನು ಬೆಟಗೇರಿಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕರಡು ತಿದ್ದುವವಳು. ಮದುವೆಯಾಗಿ ಬಂದ ಹೊಸದರಲ್ಲಿ ಸುಮ್ಮನೆ ಹೊತ್ತು ಹೋಗಲೆಂದು ಹೋಗಿ ಕುಳಿತವಳು ಅಲ್ಲೇ ಕುಳಿತುಬಿಟ್ಟೆ. ಲಗ್ನಪತ್ರಿಕೆ, ಸನ್ಮಾನಪತ್ರ, ಹಪ್ಪಳದ ಪಾಕೀಟು, ಸಹಕಾರಿ ಸಂಘಗಳ ವರದಿ, ಹೀಗೆ ಈ ಜಿಲ್ಲೆಯಲ್ಲಿ ಏನೇನು ನಡೆಯುತ್ತದೋ ಅದೆಲ್ಲ ನಡೆಯುವ ಮುಂಚೆ ನನ್ನ ಕೆಂಪು ಪೆನ್ನಿನ ಕೆಳಗೆ ಹಾದುಹೋಗಬೇಕು. ಶಿರಹಟ್ಟಿಯ ಒಂದು ಲಗ್ನಪತ್ರಿಕೆಯಲ್ಲಿ ‘ನೂತನ ವಧೂವರರ ಸುಖಸಂಹಾರಕ್ಕೆ ಶುಭ ಹಾರೈಸಬೇಕು’ ಎಂದು ಅಚ್ಚಿಗೆ ಹೊರಟಿತ್ತು. ಸಂಸಾರವನ್ನು ಸಂಹಾರದಿಂದ ಪಾರು ಮಾಡಿದೆ. ಆ ದಂಪತಿ ಈಗಲೂ ಚೆನ್ನಾಗಿದ್ದಾರೆ. ಅವರಿಗೆ ನನ್ನ ಉಪಕಾರ ಗೊತ್ತಿಲ್ಲ. ಗೊತ್ತಿರಬಾರದು ಎನ್ನುವುದೇ ನಮ್ಮ ಕಸುಬಿನ ಸ್ವಾರಸ್ಯ. ಕರಡು ತಿದ್ದುವವಳ ಹೆಸರು ಊರಿಗೆ ತಿಳಿಯುವುದು ಆಕೆ ತಪ್ಪು ಬಿಟ್ಟ ದಿನ ಮಾತ್ರ.

ಹೀಗೆ ಸುಖವಾಗಿದ್ದ ನನಗೆ ಸ್ವಂತ ರೆಸ್ಯೂಮ್ ಬೇಕಾದದ್ದು ಪ್ರೆಸ್ಸು ಮುಚ್ಚುವ ಮಾತು ಬಂದಾಗ. ನಮ್ಮ ಮಾಲಕರಿಗೆ ಮೊಣಕಾಲು ನೋವು. ಅದಕ್ಕಿಂತ ಹೆಚ್ಚಿನ ನೋವೆಂದರೆ ಜನ ಲಗ್ನಪತ್ರಿಕೆಯನ್ನು ಮೊಬೈಲಿನಲ್ಲೇ ಕಳಿಸತೊಡಗಿದ್ದು. ಒಂದು ಮುಂಜಾನೆ ಅವರು ನನ್ನ ಮೇಜಿನ ಹತ್ತಿರ ಬಂದು ನಿಂತು, ‘ಅಕ್ಕಾರ, ಈ ದೀಪಾವಳಿ ಪಾಡ್ಯಾದ ಪೂಜಿ ಮಾಡಿ ಮಷೀನ್ ನಿಲ್ಲಸೂದಂತ ಮಾಡೇನಿ’ ಎಂದರು. ಅಷ್ಟು ಹೇಳಿ, ಹೋಗುತ್ತ ಹೋಗುತ್ತ ಫ್ಯಾನಿನ ಬಟನ್ ಆರಿಸಿ ಹೋದರು. ಅದು ಅವರ ಅಭ್ಯಾಸ.

ಮನೆಯಲ್ಲಿ ಹೇಳಿದೆ. ನಮ್ಮ ಮನೆಯವರು ಗದಗಿನ ಒಂದು ಶಾಲೆಯಲ್ಲಿ ಗುಮಾಸ್ತರು, ಎಲ್ಲವನ್ನೂ ಹಗುರಾಗಿ ತಗೊಳ್ಳುವ ಮನುಷ್ಯ.

‘ಆತು ಬಿಡು. ಇನ್ನ ಆರಾಮ ಮನ್ಯಾಗ ಕುಂಡ್ರು. ಟೀವಿ ನೋಡು’ ಎಂದರು.

ನೋಡಿದೆ. ಒಂದು ಮಧ್ಯಾಹ್ನ ಪೂರ್ತಿ ನೋಡಿದೆ. ಪರದೆಯ ಕೆಳಗೆ ಓಡುವ ಸುದ್ದಿಯ ಸಾಲಿನಲ್ಲಿ ‘ಮುಖ್ಯಮಂತ್ರಿಗಳಿಂದ ಶಂಕುಸ್ತಾಪನೆ’ ಎಂದು ಬರುತ್ತಿತ್ತು. ಅಲ್ಪಪ್ರಾಣ. ತಿದ್ದಲು ಕೈ ಚಾಚಿದರೆ ಸಿಗುವುದಿಲ್ಲ. ಮತ್ತೆ ಮತ್ತೆ ಅದೇ ಬರುತ್ತದೆ, ಅದೇ ತಪ್ಪಾಗಿ ಬರುತ್ತದೆ. ಸಂಜೆಯ ಹೊತ್ತಿಗೆ ನನಗೆ ತಲೆಶೂಲೆ. ಆಗ ನನಗೆ ಸ್ಪಷ್ಟವಾಯಿತು. ನನ್ನ ಮುಂದೆ ಒಂದು ಮೇಜು, ಅದರ ಮೇಲೆ ಹಸಿ ಮಸಿಯ ವಾಸನೆಯ ಒಂದು ಕರಡು, ಕೈಯಲ್ಲಿ ಕೆಂಪು ಪೆನ್ನು, ಇವು ಇಲ್ಲದೆ ನಾನು ಬದುಕಬಲ್ಲೆ, ಆದರೆ ಹಿತವಾಗಿ ಬದುಕಲಾರೆ. ಇದನ್ನು ಬೇರೆ ಯಾರಿಗೂ ಹೇಳಲಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಅಷ್ಟರಲ್ಲೇ ಮುಂಡರಗಿಯ ಒಂದು ಶಿಕ್ಷಣ ಸಂಸ್ಥೆಯವರು ತಮ್ಮದೇ ಪುಸ್ತಕ ವಿಭಾಗ ತೆಗೆದಿದ್ದಾರೆ, ಕರಡು ತಿದ್ದುವವರು ಬೇಕಾಗಿದ್ದಾರೆ ಎಂಬ ಖಬರು ಬಂತು. ಜಾಹೀರಾತಿನಲ್ಲಿ ‘ವಿವರವಾದ ರೆಸ್ಯೂಮಿನೊಂದಿಗೆ’ ಎಂದಿತ್ತು. ರೆಸ್ಯೂಮೇನು ಮಹಾ, ಊರ ಮಂದಿಯ ಸನ್ಮಾನಪತ್ರಗಳನ್ನು ಬರೆದು ತಿದ್ದಿ ಕೊಟ್ಟವಳು ನಾನು, ನನ್ನದೊಂದನ್ನು ಬರೆದುಕೊಳ್ಳಲಾರೆನೇ ಎಂದು ಕುಳಿತೆ. ಪೆನ್ನು ತಾನಾಗಿಯೇ ಓಡಿತು. ‘ಅಕ್ಷರಸೇವೆಯನ್ನೇ ಉಸಿರಾಗಿಸಿಕೊಂಡವರೇ, ಲಕ್ಷ್ಮೇಶ್ವರದ ಸುಸಂಸ್ಕೃತ ಮನೆತನದಲ್ಲಿ ಜನಿಸಿ, ಬೆಟಗೇರಿಯ ಮಣ್ಣನ್ನು ಕರ್ಮಭೂಮಿಯಾಗಿಸಿಕೊಂಡು, ತೆರೆಮರೆಯಲ್ಲಿ ಬೆಳಗಿದ ದೀಪವೇ’ ಎಂದು ಬರೆದು, ನಮ್ಮ ಮನೆಯವರಿಗೆ ಓದಲು ಕೊಟ್ಟೆ.

ಅವರು ಓದಿ, ಕನ್ನಡಕ ತೆಗೆದು, ದನಿ ತಗ್ಗಿಸಿ ಕೇಳಿದರು. ‘ಯಾರು ತೀರಿಕೊಂಡ್ರು?’

ಹರಿದು ಹಾಕಿದೆ. ಎರಡನೆಯದನ್ನು ಎಚ್ಚರದಿಂದ ಬರೆದೆ. ಹೆಸರು. ಊರು. ಓದು. ಕರಡು ತಿದ್ದುತ್ತೇನೆ. ಅಲ್ಲಿಗೆ ಮುಗಿಯಿತು. ಹಾಳೆಯ ಉಳಿದ ಬಯಲು ನನ್ನನ್ನೇ ನೋಡತೊಡಗಿತು. ಇದನ್ನು ವಿವರವಾದ ರೆಸ್ಯೂಮ್ ಎಂದು ಕಳಿಸಿದರೆ ಮುಂಡರಗಿಯವರು ಉಳಿದ ಹಾಳೆಗಳು ಅಂಚೆಯಲ್ಲಿ ಕಳೆದಿವೆ ಎಂದುಕೊಂಡಾರು.

ತಪ್ಪು ನನ್ನದಲ್ಲ, ನಮ್ಮ ಸೀಮೆಯದು. ಸನ್ಮಾನಪತ್ರದಲ್ಲಿ ಆಕಾಶಕ್ಕೇರಿಸುವ ನಾವು ಬಾಯಿಂದ ಮಾತ್ರ ಯಾರನ್ನೂ ಹೊಗಳುವವರಲ್ಲ. ನಮ್ಮ ಬಾಯಿಗೆ ಬರುವ ಅತಿ ದೊಡ್ಡ ಹೊಗಳಿಕೆ ಎಂದರೆ ‘ಅಡ್ಡಿ ಇಲ್ಲ’. ಲಕ್ಷ್ಮೇಶ್ವರದಲ್ಲಿ ನಮ್ಮಪ್ಪನದು ಕಿರಾಣಿ ಅಂಗಡಿ. ನಾನು ಶಾಲೆಗೇ ಮೊದಲನೆಯವಳಾಗಿ ಪಾಸಾಗಿ ಓಡಿಬಂದು ಹೇಳಿದಾಗ ಅವರು ಬೆಲ್ಲ ತೂಗುತ್ತಿದ್ದರು. ತಕ್ಕಡಿಯಿಂದ ಕಣ್ಣು ತೆಗೆಯದೆ ‘ಅಡ್ಡಿ ಇಲ್ಲ’ ಎಂದರು. ಆಮೇಲೆ ಪೆಂಟೆಯಿಂದ ಒಂದು ಬೆಲ್ಲದ ತುಣುಕು ಮುರಿದು ನನ್ನ ಕೈಗಿಟ್ಟರು. ಆ ದಿನ ಅಂಗಡಿಗೆ ಬಂದ ಗಿರಾಕಿಗಳ ಮುಂದೆಲ್ಲ ಅವ್ವ ಒಳಗಿನಿಂದ, ‘ಅವರಪ್ಪಾರು ಅಡ್ಡಿ ಇಲ್ಲ ಅಂದ್ರು’ ಎಂದು ಹೇಳುತ್ತಲೇ ಇದ್ದಳು. ಅದೇ ಅಪ್ಪ ಒಮ್ಮೆ ನಮ್ಮನ್ನೆಲ್ಲ ಲಕ್ಕುಂಡಿಗೆ ಕರೆದುಕೊಂಡು ಹೋಗಿದ್ದರು. ಗುಡಿಯ ಕಂಬಗಳನ್ನು ಕನ್ನಡಿಯಂತೆ ತಿರುವಿದ್ದಾರಲ್ಲ, ಅವನ್ನು ಬಹಳ ಹೊತ್ತು ಸುತ್ತಿ ಸುತ್ತಿ ನೋಡಿ, ‘ಅಡ್ಡಿ ಇಲ್ಲ, ಕೈ ಕುಂತೈತಿ’ ಎಂದರು. ಕಂಬ ಕೆತ್ತಿದವರಿಗೆ ಇಷ್ಟು ತಡವಾಗಿಯಾದರೂ ಒಂದು ಒಳ್ಳೆಯ ಮಾತು ಸಿಕ್ಕಿತಲ್ಲ ಎಂದು ಈಗ ಅನ್ನಿಸುತ್ತದೆ.

ನನ್ನ ಮದುವೆಯೂ ಅದೇ ಮಾತಿನ ಮೇಲೆ ನಿಂತದ್ದು. ಮೊದಲು ನೋಡಲು ಬಂದ ಒಂದು ಮನೆತನದವರು ಅವಲಕ್ಕಿ ತಿಂದು, ಚಹಾ ಕುಡಿದು, ‘ಹುಡುಗಿ ಭಾಳ ಚಲೋ ಅದಾಳ್ರಿ, ಮನಿತನ ಭಾಳ ಚಲೋ, ಎಲ್ಲಾ ಭಾಳ ಚಲೋ’ ಎಂದು ಕೈಮುಗಿದು ಹೋದರು. ಅವರ ಬೆನ್ನು ತಿರುಗಿದ್ದೇ ತಡ ಅವ್ವ ತಾಟು ಎತ್ತುತ್ತ, ‘ಇದು ಆಗಂಗಿಲ್ಲ’ ಎಂದಳು. ಆಗಲಿಲ್ಲ. ‘ಭಾಳ ಚಲೋ’ ಎನ್ನುವುದು ನಮ್ಮಲ್ಲಿ ಬಾಗಿಲು ಹಾಕುವ ಸದ್ದು. ಆಮೇಲೆ ಶಿರಹಟ್ಟಿಯಿಂದ ಬಂದ ನಮ್ಮ ಮಾವನವರು ನನ್ನನ್ನು ಒಮ್ಮೆ ನೋಡಿ, ಅವಲಕ್ಕಿಯನ್ನು ಎರಡನೆಯ ಸಲ ಹಾಕಿಸಿಕೊಂಡು, ‘ಅಡ್ಡಿ ಇಲ್ರಿ’ ಎಂದರು. ಅಪ್ಪ ಆ ಕೂಡಲೇ ಪಂಚಾಂಗ ತರಲು ಎದ್ದರು. ಮಾವನವರು ಬಿಂಕದಕಟ್ಟಿಯ ಮೃಗಾಲಯದಲ್ಲಿ ಹುಲಿಯ ಮುಂದೆ ನಿಂತಾಗಲೂ ಅದನ್ನೇ ಅಂದರು. ನಾನೂ ಹುಲಿಯೂ ಅವರ ಲೆಕ್ಕದಲ್ಲಿ ಒಂದೇ ದರ್ಜೆ ಎಂದು ನನಗೆ ಬಹಳ ದಿನ ಹೆಮ್ಮೆ ಇತ್ತು.

ಇಂಥ ನೀರು ಕುಡಿದವಳು ತನ್ನ ಬಗ್ಗೆ ತಾನೇ ಏನೆಂದು ಬರೆದುಕೊಳ್ಳಬೇಕು? ಡಬ್ಬಿಯಲ್ಲಿದ್ದ ಕಾರ್ಡು ನೆನಪಾಯಿತು. ತೆಗೆದು ನೋಡಿದೆ, ಒಳಗಿಟ್ಟೆ. ಕಾಸು ಕೊಟ್ಟು ಹೊಗಳಿಸಿಕೊಳ್ಳುವುದೇ, ಛೇ, ಎನ್ನಿಸಿತು. ಆದರೆ ಕಾಸು ಕೊಟ್ಟು ಹೊಗಳಿಸಿಕೊಂಡವರ ಸನ್ಮಾನಪತ್ರಗಳನ್ನು ತಿದ್ದಿಯೇ ಅಲ್ಲವೇ ನಾನು ಇಷ್ಟು ವರ್ಷ ಉಂಡದ್ದು. ಮತ್ತೆ ತೆಗೆದೆ. ‘ಜಗತ್ತು ಗುರುತಿಸದಂತೆ’ ಎಂಬುದನ್ನು ಓದಿ ಮತ್ತೆ ಒಳಗಿಟ್ಟೆ. ಈ ತೆಗೆದು ಇಡುವ ಆಟ ಅರ್ಜಿಯ ಕೊನೆಯ ದಿನ ಹತ್ತಿರ ಬರುವವರೆಗೆ ನಡೆಯಿತು. ಕೊನೆಗೆ ಟೀವಿಯ ಶಂಕುಸ್ಥಾಪನೆಯೇ ನನ್ನನ್ನು ಎಬ್ಬಿಸಿ ಕಳಿಸಿತು ಎನ್ನಬೇಕು.

ರೆಸ್ಯೂಮ್ ಬರೆಯುವವನ ಹೆಸರು ಪ್ರದೀಪ. ಮೈಸೂರು ಕಡೆಯವನು. ಬೆಂಗಳೂರಿನಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಬೆಟಗೇರಿಯ ಸೀರೆ ಅಂಗಡಿಯವರ ಮಗಳನ್ನು ಮದುವೆಯಾಗಿ, ಅವಳಿಗೆ ಗದಗಿಗೆ ವರ್ಗವಾದಾಗ ಜೊತೆಗೆ ಬಂದವನು. ಮಾವನವರ ಅಂಗಡಿಯ ಮಾಳಿಗೆಯ ಮೇಲೆ ಒಂದು ಕೋಣೆಯಲ್ಲಿ ಅವನ ಕಚೇರಿ. ಕೆಳಗೆ ಸೀರೆ ಬಿಚ್ಚಿ ಹರಡಿ ತೋರಿಸುತ್ತಾರೆ, ಮೇಲೆ ಇವನು ಮನುಷ್ಯರನ್ನು.

‘ಕೂತ್ಕೊಳ್ಳಿ ಮೇಡಂ. ನಿಮ್ಮ ಸ್ಟ್ರೆಂತ್ ಏನು ಹೇಳಿ’ ಎಂದ.

‘ಹಂಗಂದ್ರ?’

‘ನೀವು ಯಾವುದರಲ್ಲಿ ಬೇರೆಯವರಿಗಿಂತ ಚೆನ್ನಾಗಿದ್ದೀರಿ?’

‘ಹಂಗೇನಿಲ್ರಿ.’

ಅವನು ಪೆನ್ನು ಕೆಳಗಿಟ್ಟ. ‘ಹೋಗ್ಲಿ, ನಿಮ್ಮ ಜೀವನದ ದೊಡ್ಡ ಸಾಧನೆ?’

ಯೋಚಿಸಿ, ಸಂಹಾರದ ಕಥೆ ಹೇಳಿದೆ. ಅವನ ಕಣ್ಣು ಅರಳಿತು. ಏನೋ ಗೀಚಿಕೊಂಡ. ಆಮೇಲೆ ನಿಟ್ಟುಸಿರು ಬಿಟ್ಟು, ‘ನಿಮ್ಮ ಕಡೆಯವರ ಬಾಯಲ್ಲಿ ಒಂದು ಒಳ್ಳೆ ಮಾತು ಹೊರಡಿಸೋದು ಎಷ್ಟು ಕಷ್ಟ ಅಂತ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ ಮೇಡಂ’ ಎಂದ. ಹಾಗೆ ಹೇಳುವಾಗ ಅವನು ನೆಲದ ಕಡೆ, ಅಂದರೆ ಕೆಳಗಿನ ಅಂಗಡಿಯ ಕಡೆ ನೋಡಿದ. ನಾನು ಅದನ್ನು ಗಿರಾಕಿಗಳ ಮೇಲಿನ ಬೇಸರವೆಂದುಕೊಂಡೆ. ಎದ್ದು ಬರುವಾಗ ನನ್ನ ಕೆಲಸದ ಬಗ್ಗೆ ಹೇಳಬಲ್ಲ ಒಬ್ಬಿಬ್ಬರ ಹೆಸರು ಕೇಳಿದ. ನಮ್ಮ ಮಾಲಕರ ಹೆಸರು ಕೊಟ್ಟೆ.

ಎರಡು ದಿನ ಬಿಟ್ಟು ಹೋದಾಗ ಕರಡು ಸಿದ್ಧವಾಗಿತ್ತು. ಅದರಲ್ಲಿ ನಾನು ‘ಭಾಷಾ ಗುಣಮಟ್ಟ ನಿರ್ವಹಣಾ ಮುಖ್ಯಸ್ಥೆ’ ಆಗಿದ್ದೆ. ಪ್ರೆಸ್ಸಿನಲ್ಲಿ ನನ್ನನ್ನು ಬಿಟ್ಟರೆ ಆ ವಿಭಾಗದಲ್ಲಿ ಇನ್ಯಾರೂ ಇರಲಿಲ್ಲ, ಆದ್ದರಿಂದ ಮುಖ್ಯಸ್ಥೆ ಎನ್ನುವುದು ಸುಳ್ಳಲ್ಲ. ಸಾಧನೆಗಳ ಕೆಳಗೆ ‘ಅನೇಕ ಕುಟುಂಬಗಳ ದಾಂಪತ್ಯ ಸಂರಕ್ಷಣೆ’ ಎಂದಿತ್ತು. ಸೆರಗಿನಿಂದ ಕನ್ನಡಕ ಒರೆಸಿಕೊಂಡು ಕೆಂಪು ಪೆನ್ನು ತೆಗೆದೆ. ಕೈ ನಿಲ್ಲಲೊಲ್ಲದು. ಮುಖ್ಯಸ್ಥೆ ಹೋದಳು, ಸಂರಕ್ಷಣೆ ಹೋಯಿತು, ‘ದೂರದೃಷ್ಟಿಯುಳ್ಳ’ ಎಂದಿದ್ದಲ್ಲಿ ನನ್ನ ಚಾಳೀಸಿನ ನಂಬರು ನೆನಪಾಗಿ ಅದೂ ಹೋಯಿತು. ಪ್ರದೀಪ ನೋಡುತ್ತಲೇ ಇದ್ದ.

‘ಮೇಡಂ, ಅದು ನಿಮ್ಮದೇ ರೆಸ್ಯೂಮು. ನಿಮ್ಮನ್ನೇ ಹೊಡೆದು ಹಾಕ್ತಿದ್ದೀರಿ.’

‘ಖರೆ ಇದ್ದದ್ದಷ್ಟ ಉಳೀಲಿ ತಗೋರಿ’ ಎಂದೆ. ಉಳಿದದ್ದು ಅರ್ಧ ಹಾಳೆ. ನಾನು ಬರೆದದ್ದಕ್ಕಿಂತ ತುಸು ಉದ್ದ, ತುಸು ಮರ್ಯಾದಸ್ಥ. ಅಂದರೆ ಅವನ ಕೂಲಿಗೆ ಮೋಸವಿಲ್ಲ.

ಆಗ ಅವನು ಗಂಟಲು ಸರಿಮಾಡಿಕೊಂಡ. ‘ಇನ್ನೊಂದು ವಿಷಯ ಮೇಡಂ. ನಿಮ್ಮ ಓನರ್ ಹೆಸರು ತೆಗೆದುಬಿಡೋಣ. ಅವರಿಗೂ ನಿಮಗೂ ಸಂಬಂಧ ಸರಿ ಇಲ್ವಾ?’

‘ಯಾಕ್ರಿ?’

‘ಫೋನ್ ಮಾಡಿ ನಿಮ್ಮ ಕೆಲಸ ಹೇಗೆ ಅಂತ ಕೇಳ್ದೆ. ಬರೀ ಅಡ್ಡಿ ಇಲ್ರಿ ಅಂದ್ಬಿಟ್ರು. ನೀವು ಕೆಲಸ ಬಿಟ್ರೆ ಅವರದ್ದೇನೂ ಅಡ್ಡಿ ಇಲ್ಲ ಅಂತ. ಒಂದು ಒಳ್ಳೆ ಮಾತಿಲ್ಲ ಮೇಡಂ. ಇಷ್ಟು ವರ್ಷ ದುಡಿದಿದ್ದೀರಿ.’

ಇಷ್ಟು ವರ್ಷಗಳಲ್ಲಿ ನಮ್ಮ ಮಾಲಕರು ನನ್ನೆದುರು ಆ ಮಾತನ್ನು ಒಮ್ಮೆಯೂ ಅಂದಿರಲಿಲ್ಲ. ತಪ್ಪು ಹಿಡಿದಾಗ ತಲೆಯಾಡಿಸುತ್ತಿದ್ದರು, ಹಬ್ಬಕ್ಕೆ ಸೀರೆ ಕೊಡುತ್ತಿದ್ದರು, ಫ್ಯಾನು ಆರಿಸುತ್ತಿದ್ದರು, ಅಷ್ಟೇ. ಅವರ ಮನಸ್ಸಿನಲ್ಲಿ ಇದು ಇತ್ತೆಂದು ಯಾರಿಗೆ ಗೊತ್ತು. ಬೆಲ್ಲ ತೂಗುತ್ತಿದ್ದ ಅಪ್ಪ ಎದುರಿಗೆ ನಿಂತಂತಾಯಿತು. ಕಣ್ಣು ತುಂಬಿದವು. ಸೆರಗು ಹೇಗೂ ಕೈಯಲ್ಲೇ ಇತ್ತು.

ಪ್ರದೀಪ ಗಾಬರಿಬಿದ್ದು ಕೆಳಗೆ ಚಹಾ ಹೇಳಿದ. ‘ಬೇಜಾರ್ ಮಾಡ್ಕೋಬೇಡಿ. ಅಂಥವರಿರ್ತಾರೆ. ಹೆಸರು ತೆಗೆದು ಹಾಕ್ತೀನಿ.’

‘ಅದೊಂದು ತೆಗೀಬ್ಯಾಡ್ರಿ’ ಎಂದೆ. ‘ಬೇಕಾರ ಉಳದದ್ದೆಲ್ಲಾ ತೆಗೀರಿ.’

ಸ್ವಾಭಿಮಾನಿ ಹೆಂಗಸು, ಅವಮಾನವನ್ನೂ ಹೊತ್ತು ನಡೆಯುತ್ತಾಳೆ ಎಂದು ಅವನು ಅಂದುಕೊಂಡಿರಬೇಕು, ಬಹಳ ಗೌರವದಿಂದ ಮೆಟ್ಟಿಲಿನವರೆಗೆ ಬಂದು ಕಳಿಸಿಕೊಟ್ಟ. ಅವನಿಗೆ ಬಿಡಿಸಿ ಹೇಳಬಹುದಿತ್ತು. ಆದರೆ ಆ ಗೌರವ ಎರಡು ದಿನ ಇರಲಿ ಎನ್ನಿಸಿತು.

ಮುಂಡರಗಿಗೆ ಸಂದರ್ಶನಕ್ಕೆ ಕರೆದರು. ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಬಸ್ಸಿನ ಕಿಟಕಿಯಿಂದ ನೋಡುತ್ತ ಹೋದೆ. ಸಂಸ್ಥೆಯ ಪಡಸಾಲೆಯಲ್ಲಿ ನನಗಿಂತ ಮುಂಚೆ ಒಬ್ಬ ತರುಣ ಹೊಳೆಯುವ ಫೈಲು ಹಿಡಿದು ಕುಳಿತಿದ್ದ. ಅವನು ಒಳಗೆ ಹೋಗಿ ಬಹಳ ಹೊತ್ತಾದ ಮೇಲೆ ನಗುತ್ತ ಹೊರಬಂದ.

‘ಹೆಂಗಾತ್ರಿ?’ ಎಂದು ಕೇಳಿದೆ.

‘ನಿಮ್ಮ ಫೈಲು ಭಾಳ ಚಲೋ ಐತಿ, ನೀವೂ ಭಾಳ ಚಲೋ ಮಾತಾಡ್ತೀರಿ ಅಂದ್ರು ಮೇಡಂ’ ಎಂದ. ಪಾಪ, ಅವನೂ ದಕ್ಷಿಣದ ಕಡೆಯವನಿರಬೇಕು. ನನ್ನ ಬುತ್ತಿಯಲ್ಲಿದ್ದ ಕರದಂಟಿನ ಒಂದು ತುಂಡು ಅವನಿಗೆ ಕೊಟ್ಟೆ.

ಒಳಗೆ ಸಮಿತಿಯ ನಡುವೆ ಕುಳಿತಿದ್ದ ಅಧ್ಯಕ್ಷರು ಡೋಣಿ ಊರಿನ ಹಿರಿಯರು, ಹೊಲಮನೆಯುಳ್ಳ ಗಟ್ಟಿ ಆಸಾಮಿ. ನನ್ನ ಅರ್ಧ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

‘ಇಷ್ಟ ಏನ್ರಿ ಬಾಯಾರ?’

‘ಇಷ್ಟರಿ’ ಎಂದೆ. ಮುಖ್ಯಸ್ಥೆಯನ್ನಾದರೂ ಉಳಿಸಿಕೊಳ್ಳಬೇಕಿತ್ತು. ದೂರದೃಷ್ಟಿಯಾದರೂ ಇರಬೇಕಿತ್ತು. ಟೀವಿಯ ಮುಂದಿನ ಮಧ್ಯಾಹ್ನಗಳೆಲ್ಲ ಕಣ್ಣ ಮುಂದೆ ಸಾಲಾಗಿ ಬಂದವು.

ಅಧ್ಯಕ್ಷರು ಹಾಳೆಯನ್ನು ಮೇಜಿನ ಮೇಲಿಟ್ಟು ಪಕ್ಕದವರ ಕಡೆ ತಿರುಗಿದರು. ‘ನಾ ನಿನ್ನೆ ಇವರ ಪ್ರೆಸ್ಸಿನ ಮಾಲಕಗ ಫೋನ್ ಹಚ್ಚಿದ್ದೆ. ಆ ಮನಶಾನ್ನ ನಾ ಹುಡುಗ ಇದ್ದಾಗಿಂದ ಬಲ್ಲೆ. ಇವರ ಬಗ್ಗೆ ಏನಂದ ಗೊತ್ತೈತೇನು? ಅಡ್ಡಿ ಇಲ್ಲ ಅಂದ.’

ಪಕ್ಕದವರು ಕುರ್ಚಿಯಲ್ಲಿ ನೆಟ್ಟಗಾದರು. ‘ಅವರು ಅಂದ್ರ?’

‘ಹೂಂ. ತನ್ನ ಖಾಸ ಮಗಾಗೂ ಹಂಗ ಅಂದವಲ್ಲ ಅಂವಾ.’

ಆಮೇಲೆ ಯಾರೂ ಏನೂ ಕೇಳಲಿಲ್ಲ. ದೀಪಾವಳಿ ಮುಗಿಸಿಕೊಂಡು ಕೆಲಸಕ್ಕ ಬರ್ರಿ ಎಂದರು. ಚಹಾ ತರಿಸಿದರು. ಚಹಾದ ಜೊತೆ ಕೊಟ್ಟ ಅವರದೇ ಒಂದು ಪುಸ್ತಕದ ಮೊದಲ ಪುಟದಲ್ಲೇ ಎರಡು ತಪ್ಪು ಸಿಕ್ಕವು. ಅಷ್ಟು ಸಂತೋಷ ನನಗೆ ಬೇರೆ ಯಾವ ಪುಸ್ತಕ ಓದಿಯೂ ಆಗಿರಲಿಲ್ಲ.

ಗದಗಿಗೆ ಮರಳಿದವಳು ಮನೆಗೆ ಹೋಗುವ ಮುಂಚೆ ಪ್ರದೀಪನ ಮಾಳಿಗೆ ಏರಿದೆ.

‘ಏನಂದ್ರು ಮೇಡಂ?’

‘ನಮ್ಮ ಮಾಲಕರು ಅಡ್ಡಿ ಇಲ್ಲ ಅಂದಾರಂತ ಹೇಳಿದ್ರು.’

ಅವನ ಮುಖ ಇಳಿದುಹೋಯಿತು. ‘ನಾನು ಮೊದಲೇ ಹೇಳ್ದೆ, ಆ ಹೆಸರು ತೆಗೀರಿ ಅಂತ. ಬಿಡಿ ಮೇಡಂ, ಇದಲ್ಲದಿದ್ರೆ ಇನ್ನೊಂದು ಸಿಗುತ್ತೆ.’

ನನಗೆ ನಗು ತಡೆಯಲಾಗಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು ಎಲ್ಲ ಹೇಳಿದೆ. ಅಪ್ಪನ ಬೆಲ್ಲ, ಶಿರಹಟ್ಟಿಯ ಅವಲಕ್ಕಿ, ಬಿಂಕದಕಟ್ಟಿಯ ಹುಲಿ, ಡೋಣಿಯ ಅಧ್ಯಕ್ಷರು. ‘ಭಾಳ ಚಲೋ’ ಎಂದರೇನು ಎಂಬುದನ್ನೂ ಹೇಳಿದೆ. ಅವನೂ ನಗುತ್ತಾನೆಂದುಕೊಂಡಿದ್ದೆ. ಅವನು ನಗಲಿಲ್ಲ.

‘ಮೇಡಂ, ಹಾಗಾದ್ರೆ ಒಂದು ಕೇಳ್ಲಾ? ಮದುವೆಯಾದಾಗಿಂದ ನಮ್ಮ ಮಾವನವರನ್ನ ಯಾರಾದ್ರೂ ಅಳಿಯ ಹೇಗೆ ಅಂತ ಕೇಳಿದ್ರೆ ಅವರು ಒಂದೇ ಮಾತು ಹೇಳೋದು.’

‘ಏನಂತಾರ?’

‘ಅಡ್ಡಿ ಇಲ್ಲ.’

ಕೆಳಗೆ ಅವನ ಮಾವನವರು ಯಾರಿಗೋ ಸೀರೆಯ ಸೆರಗು ಬಿಚ್ಚಿ ತೋರಿಸುತ್ತಿದ್ದ ದನಿ ಕೇಳುತ್ತಿತ್ತು. ಪ್ರದೀಪ ಆ ದನಿಯನ್ನು ಹೊಸದಾಗಿ ಕೇಳುವವನಂತೆ ಕೇಳುತ್ತಿದ್ದ. ‘ನನ್ನನ್ನ ಹೇಗೋ ಸಹಿಸ್ಕೊಂಡಿದ್ದಾರೆ ಅಂತ ತಿಳ್ಕೊಂಡು ನಾನು ಅವರ ಜತೆ ಕೂತು ಊಟಾನೂ ಮಾಡ್ತಿರ್ಲಿಲ್ಲ’ ಎಂದ. ಜಗತ್ತಿಗೆಲ್ಲ ಹೊಗಳಿಕೆ ಬರೆದುಕೊಡುವವನು ತನ್ನ ಪಾಲಿನದು ದಿನವೂ ಕಿವಿಗೆ ಬೀಳುತ್ತಿದ್ದರೂ ಗುರುತಿಸಿರಲಿಲ್ಲ. ನನಗೆ ಅವನ ಮೇಲೆ ಅಕ್ಕರೆ ಉಕ್ಕಿತು. ಕರದಂಟಿನ ಉಳಿದ ತುಂಡು ಅವನಿಗೇ ಕೊಟ್ಟು ಇಳಿದು ಬಂದೆ. ಅವತ್ತು ಮನೆಯಲ್ಲಿ ಪಂಕ್ತಿಗೆ ಅವನೂ ಕುಳಿತನಂತೆ, ಅವನ ಹೆಂಡತಿ ಆಮೇಲೆ ಹೇಳಿದಳು.

ಪ್ರೆಸ್ಸಿನ ಕೊನೆಯ ದಿನಗಳಲ್ಲಿ ಪ್ರದೀಪ ಹೊಸ ಕಾರ್ಡಿಗೆ ಆರ್ಡರು ಕೊಟ್ಟ. ಹೆಸರು ವಿಳಾಸ ಹಳೆಯವೇ, ಕೆಳಗಿನ ಸಾಲು ಮಾತ್ರ ಬೇರೆ. ‘ಜಗತ್ತು ಅಡ್ಡಿ ಇಲ್ಲ ಅನ್ನುವಂತೆ ಬರೆದುಕೊಡುತ್ತೇವೆ.’ ಕರಡನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದೆ. ಒಂದು ತಪ್ಪೂ ಇಲ್ಲ. ಮುದ್ರಿಸಬಹುದು ಎಂದು ಸಹಿ ಹಾಕುವ ಜಾಗದಲ್ಲಿ ಕೆಂಪು ಪೆನ್ನಿನಿಂದ ‘ಅಡ್ಡಿ ಇಲ್ಲ’ ಎಂದು ಬರೆದು ಮಾಲಕರ ಮುಂದಿಟ್ಟೆ.

ಅವರು ಅದನ್ನು ನೋಡಿದರು. ನನ್ನನ್ನು ನೋಡಿದರು. ಬಾಗಿಲ ಹತ್ತಿರ ಹೋಗಿ ಫ್ಯಾನಿನ ಬಟನ್ ಮೇಲೆ ಕೈಯಿಟ್ಟವರು, ಯಾಕೋ ಆರಿಸದೆ ತಿರುಗಿ ನಿಂತರು.

‘ಒಂದ್ ಕಾರ್ಡಿಗೆ ಇಷ್ಟ್ಯಾಕ ಹೊಗಳೀರಿ ಅಕ್ಕಾರ?’ ಎಂದರು.